ಹವ್ಯಾಸಿ ಎಂಬ ರಿಯಾಯಿತಿ

ಹವ್ಯಾಸಿ ನಾಟಕ ತಂಡದ ತಾಲೀಮಿಗೆ ಯಾರಾದರೂ ತಡವಾಗಿ ಬಂದಾಗ, ಅಥವಾ ಪ್ರದರ್ಶನ ಹತ್ತಿರವಾದರೂ ಮಾತು ಬಾಯಿಪಾಠವಾಗದೆ ಇದ್ದಾಗ, "ನಾವೇನು ಕಂಪನಿ ನಾಟಕದವರೇ?" ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಇಂಪ್ರೊವ್ ಎಂದು ಕರೆಯಲಾಗುವ ಆಶುಹಾಸ್ಯದ ಗುಂಪುಗಳಲ್ಲಿ ಇದೇ ಸಮಜಾಯಿಷಿ ಬೇರೆ ವೇಷದಲ್ಲಿ ಬರುತ್ತದೆ: ಬರೆದ ಮಾತೇ ಇಲ್ಲದ ಮೇಲೆ ಅಭ್ಯಾಸ ಯಾವುದರದ್ದು, ವೇದಿಕೆಯ ಮೇಲೆ ಹೊಳೆದದ್ದನ್ನು ಆಡಿದರೆ ಸಾಲದೇ? ಈ ಎರಡೂ ಮಾತುಗಳನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಇರುವ ಬಲವಾದ ಕಾರಣ ಯಕ್ಷಗಾನದ ಕಥೆಯನ್ನು ಕುಳಿತು ಹಾಡು-ಮಾತುಗಳಲ್ಲೇ ನಡೆಸುವ ನಮ್ಮ ಕರಾವಳಿಯ ತಾಳಮದ್ದಳೆಯಲ್ಲಿಯೇ ಇದೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಅದರ ಅರ್ಥವನ್ನು ತಮ್ಮ ತಮ್ಮ ಪಾತ್ರದ ಬಾಯಲ್ಲಿ ಆಗಲೇ ಕಟ್ಟಿ ಹೇಳುತ್ತಾರೆ. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಮತ್ತೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನ್ನ ರಾಜ್ಯಕ್ಕೆ ನಾನು ಮಾಡಿದ ಕೇಡೇನು? ಸೀತೆಯನ್ನು ತರುವುದಷ್ಟೇ ಬೇಕಾಗಿದ್ದರೆ ನನ್ನನ್ನೇ ಏಕೆ ಕೇಳಲಿಲ್ಲ? ಈ ಪ್ರಶ್ನೆಗಳು ಯಾವ ಕ್ರಮದಲ್ಲಿ, ಎಷ್ಟು ಹರಿತವಾಗಿ ಬರುತ್ತವೆ ಎಂಬುದು ರಾಮನ ಅರ್ಥ ಹೇಳುವವರಿಗೆ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಅವರು ಇಕ್ಷ್ವಾಕುಗಳ ಅಧಿಕಾರ, ತಮ್ಮನ ಹೆಂಡತಿ ರುಮೆಯನ್ನು ವಾಲಿ ಇಟ್ಟುಕೊಂಡ ಅಪರಾಧ, ಸುಗ್ರೀವನಿಗೆ ಕೊಟ್ಟ ಮಾತು, ಮೃಗಬೇಟೆಯ ನ್ಯಾಯ ಇವೆಲ್ಲವನ್ನೂ ಕೈಯಳತೆಯಲ್ಲಿ ಇಟ್ಟುಕೊಂಡೇ ಕುಳಿತಿರಬೇಕು. ಅವುಗಳಲ್ಲಿ ಅರ್ಧದಷ್ಟು ಅಂದು ಬಳಕೆಗೆ ಬಾರದೆಯೇ ಹೋಗಬಹುದು. ಮಾತು ಎತ್ತ ಹರಿದರೂ ಕೊನೆಗೆ ಭಾಗವತರು ಎತ್ತಿಕೊಳ್ಳಲಿರುವ ಮುಂದಿನ ಪದ್ಯದ ದಡಕ್ಕೆ ಬಂದು ಮುಟ್ಟಲೇಬೇಕು.

ಹೀಗೆ ಅರ್ಥ ಹೇಳಿದವರಲ್ಲಿ ಅನೇಕರ ಜೀವನೋಪಾಯ ಬೇರೆಯದೇ ಆಗಿತ್ತು. ದೇರಾಜೆ ಸೀತಾರಾಮಯ್ಯನವರು ಕೃಷಿಕರು, ಎಂ. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ಪಾಠ ಹೇಳಿದವರು. ತೋಟದ ಕೆಲಸವೋ ತರಗತಿಯೋ ಮುಗಿದ ಮೇಲೆ ಪುರಾಣ, ಕಾವ್ಯ, ತರ್ಕಗಳ ಓದು ನಡೆಯಬೇಕಾಗಿತ್ತು. ಆಶುವಾಗಿ ಆಡಿದ ಮಾತಿನ ಹಿಂದೆ ವರ್ಷಗಟ್ಟಲೆ ಸಿದ್ಧತೆ ಇರುತ್ತದೆ ಎಂಬುದು ಇವರ ಶ್ರೋತೃಗಳಿಗೆ ಗೊತ್ತಿದ್ದ ಸಂಗತಿಯೇ. ತಯಾರಿ ಇಲ್ಲದೆ ಕುಳಿತವರನ್ನು ಅದೇ ಶ್ರೋತೃಗಳು ಪೀಠಿಕೆಯ ಹಂತದಲ್ಲಿಯೇ ಗುರುತು ಹಿಡಿಯುತ್ತಾರೆ.

ಇಂಗ್ಲಿಷ್ ಇಂಪ್ರೊವ್‌ನ ಚರಿತ್ರೆಯೂ ಬೇರೇನನ್ನೂ ಹೇಳುವುದಿಲ್ಲ. ಷಿಕಾಗೋದಲ್ಲಿ ವಯೋಲಾ ಸ್ಪೋಲಿನ್ ರೂಪಿಸಿದ ರಂಗ ಆಟಗಳು ನಟರ ಗಮನವನ್ನು ಪಳಗಿಸುವ ಅಭ್ಯಾಸಗಳಾಗಿದ್ದವು. 1959ರಲ್ಲಿ ಅದೇ ನಗರದಲ್ಲಿ ಆರಂಭವಾದ ಸೆಕೆಂಡ್ ಸಿಟಿಯಲ್ಲಿ ಪ್ರೇಕ್ಷಕರ ಮುಂದೆ ಆಶುವಾಗಿ ಹುಟ್ಟಿದ ದೃಶ್ಯಗಳನ್ನು ಮತ್ತೆ ಮತ್ತೆ ತಿದ್ದಿ, ಕತ್ತರಿಸಿ, ಸಿದ್ಧ ಪ್ರಹಸನಗಳನ್ನಾಗಿ ಮಾಡುವ ಪದ್ಧತಿ ಬೆಳೆಯಿತು. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಕೆಲಸ ಮಾಡಿ ಅನಂತರ ಕೆನಡಾದ ಕ್ಯಾಲ್ಗರಿಗೆ ಹೋದ ಕೀತ್ ಜಾನ್‌ಸ್ಟೋನ್ ಹೇಳಿಕೊಟ್ಟದ್ದರ ತಿರುಳು, ಎದುರು ನಟ ಮುಂದಿಟ್ಟದ್ದನ್ನು ತಳ್ಳಿಹಾಕದೆ ಸ್ವೀಕರಿಸಿ ಬೆಳೆಸುವುದು. ಹೇಳುವುದಕ್ಕೆ ಇದು ಸುಲಭ. ಒಬ್ಬಾಕೆ ಕೈಯಲ್ಲಿ ಇಲ್ಲದ ಮಗುವನ್ನು ಎತ್ತಿಕೊಂಡಂತೆ ವೇದಿಕೆಗೆ ಬಂದಾಗ, ಎದುರಿಗಿದ್ದವನು ನಗೆ ಗಿಟ್ಟಿಸುವ ಆತುರದಲ್ಲಿ "ಕುಂಬಳಕಾಯಿ ಎಷ್ಟಕ್ಕೆ ತಂದೆ?" ಎಂದುಬಿಟ್ಟರೆ ಸಭೆ ನಕ್ಕೀತು, ಆದರೆ ಆಕೆ ಕಟ್ಟಿಕೊಂಡು ಬಂದ ದೃಶ್ಯ ಅಲ್ಲಿಗೆ ಸತ್ತಿತು. ಮುಂದಿನ ಐದು ನಿಮಿಷ ಇಬ್ಬರೂ ಪರದಾಡಬೇಕು. ಆ ಒಂದು ನಗೆಯನ್ನು ಬಿಟ್ಟುಕೊಡುವ ಸಂಯಮ ಅಭ್ಯಾಸವಿಲ್ಲದೆ ಬರುವುದಿಲ್ಲ. ಎದುರಾಳಿಯನ್ನು ಸೋಲಿಸಲೇಬೇಕೆಂಬ ಹಠದಿಂದ ಪ್ರಸಂಗಕ್ಕೆ ಹೊರತಾದ ಪ್ರಶ್ನೆ ಎಸೆಯುವ ಅರ್ಥಧಾರಿಯ ರೋಗವೂ ಇದೇ. (ಇಂಥವರಿಗೆ ಚಪ್ಪಾಳೆ ಧಾರಾಳವಾಗಿಯೇ ಸಿಗುತ್ತದೆ ಎಂಬುದು ಬೇರೆ ಮಾತು.)

ಇನ್ನು ಬರೆದ ನಾಟಕವನ್ನು ಆಡುವ ನಮ್ಮಂಥವರ ವಿಷಯ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ ಕಾಲದಿಂದಲೂ ಕನ್ನಡದ ಆಧುನಿಕ ರಂಗಭೂಮಿಯ ದೊಡ್ಡ ಪಾಲನ್ನು ಹೊತ್ತವರು ಹವ್ಯಾಸಿಗಳೇ. ಆದ್ದರಿಂದ ಆ ಹೆಸರನ್ನು ರಿಯಾಯಿತಿ ಚೀಟಿಯಂತೆ ಬಳಸುವುದು ನನಗೆ ಇರುಸುಮುರುಸು ಉಂಟುಮಾಡುತ್ತದೆ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ತಡವಾಗಿ ಬಂದ ಪ್ರೇಕ್ಷಕರನ್ನು ಒಳಗೆ ಬಿಡುವುದಿಲ್ಲ. ಪ್ರೇಕ್ಷಕರಿಗೇ ಈ ಕಟ್ಟುಪಾಡು ಇರುವಾಗ ನಟರು ತಾಲೀಮಿಗೆ ಮುಕ್ಕಾಲು ಗಂಟೆ ತಡವಾಗಿ ಬಂದು, ಉಳಿದವರು ಅವರ ಮಾತನ್ನು ಪುಸ್ತಕ ನೋಡಿ ಓದುತ್ತ ದೃಶ್ಯ ಸಾಗಿಸುವುದು ಯಾವ ನ್ಯಾಯ? ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಚಾರಿ ನಾಟಕ ತಂಡವಾದ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ; ಅಲ್ಲಿ ನಟರೇ ರಂಗಸಜ್ಜಿಕೆಯನ್ನು ಇಳಿಸಿ, ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ಏರಿಸುತ್ತಾರೆ. ನಗರದ ಹವ್ಯಾಸಿ ತಂಡಗಳಲ್ಲಿ ಮುಖ್ಯ ಪಾತ್ರಧಾರಿಗಳು ಬಣ್ಣ ಒರೆಸಿಕೊಂಡು ಅಭಿನಂದನೆ ಸ್ವೀಕರಿಸುತ್ತಿರುವಾಗ ರಂಗಪರಿಕರಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುವವರು ಪ್ರತಿಬಾರಿಯೂ ಅದೇ ಇಬ್ಬರು.

ಕಚೇರಿ, ಮನೆ, ಮಕ್ಕಳ ಪರೀಕ್ಷೆ ಇವೆಲ್ಲದರ ನಡುವೆ ಹವ್ಯಾಸಿಗೆ ಸಮಯ ಕಡಿಮೆ ಎಂಬುದು ನಿಜ, ಮತ್ತು ಅದನ್ನು ಅಲ್ಲಗಳೆಯುವವರು ತಂಡ ನಡೆಸಲಾರರು. ಆದರೆ ಆ ಲೆಕ್ಕಾಚಾರ ನಾಟಕವನ್ನು ಆಯ್ಕೆ ಮಾಡುವ ದಿನವೇ ಆಗಬೇಕು. ವಾರಕ್ಕೆ ಮೂರು ಸಂಜೆ ಮಾತ್ರ ಸಿಗುವ ತಂಡ ಹದಿನೈದು ಪಾತ್ರಗಳ ಚಾರಿತ್ರಿಕ ನಾಟಕವನ್ನು ಬಿಟ್ಟು ನಾಲ್ಕು ಪಾತ್ರಗಳ ಏಕಾಂಕವನ್ನು ಎತ್ತಿಕೊಳ್ಳಲಿ. ಆ ಮೂರು ಸಂಜೆಗಳಲ್ಲಿ ನಾಲ್ವರೂ ಹೇಳಿದ ಹೊತ್ತಿಗೆ ಬಂದರೆ ಅದನ್ನು ಚೆನ್ನಾಗಿಯೇ ಆಡಬಹುದು.