ಅದು ಸರಿ, ಕೆಲಸ ಏನು?

ನಾನು ಸಂಗೀತ ಬರೆಯುತ್ತೇನೆ. ಪಿಟೀಲು, ವಯೋಲಾ, ಚೆಲ್ಲೋ, ಒಮ್ಮೊಮ್ಮೆ ಪಿಯಾನೋಗೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಆದರೆ ಇವತ್ತಿನದು. ಐದು ಗೆರೆಯ ಹಾಳೆಯ ಮೇಲೆ ಸ್ವರ ಬರೆದು ನುಡಿಸುವವರ ಕೈಗೆ ಕೊಡುತ್ತೇನೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರು ತಲೆಯಾಡಿಸಿ ಕೇಳುತ್ತಾರೆ: "ಅದು ಸರಿ, ಕೆಲಸ ಏನು?"

ಲೆಕ್ಕ ಬರೆಯುತ್ತೇನೆ. ಹಗಲು ಬೇರೆಯವರ ವ್ಯಾಪಾರದ ಲೆಕ್ಕ, ರಾತ್ರಿ ಸಂಗೀತ. ಆಯ್ತಾ? ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಿ ಅನ್ನುತ್ತೇನೆ.

ಪ್ರಶ್ನೆಯ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟು ಆ "ಅದು ಸರಿ"ಯ ಮೇಲೆ. ಮಗು ತಾನು ಗೀಚಿದ ಆನೆ ತೋರಿಸಿದರೆ "ಅದು ಸರಿ, ಹೋಮ್‌ವರ್ಕ್ ಆಯ್ತಾ?" ಅನ್ನುತ್ತಾರಲ್ಲ, ಅದೇ ದನಿ.

ಒಮ್ಮೆ ಸಾಲದ ಅರ್ಜಿ ತುಂಬಬೇಕಾಗಿತ್ತು. "ವೃತ್ತಿ" ಅನ್ನುವ ಜಾಗದಲ್ಲಿ "ಸಂಗೀತ ಸಂಯೋಜಕ" ಎಂದು ಬರೆದೆ. (ವಾಗ್ಗೇಯಕಾರ ಅಂತ ಬರೆಯುವಷ್ಟು ಧೈರ್ಯವೂ ಇರಲಿಲ್ಲ, ಜಾಗವೂ ಇರಲಿಲ್ಲ.) ಕೌಂಟರಿನಲ್ಲಿದ್ದವರು ಓದಿದರು, ಕನ್ನಡಕ ಮೇಲೇರಿಸಿದರು.

"ಯಾವ ಸಿನಿಮಾ ಸರ್?"

"ಸಿನಿಮಾಕ್ಕಲ್ಲ."

"ಹಾಗಾದ್ರೆ ಆಲ್ಬಮ್ಮಾ?"

"ಅಲ್ಲ. ಕಛೇರಿಯಲ್ಲಿ ನುಡಿಸೋಕೆ."

"ಅದು ಸರಿ, ಕೆಲಸ ಏನು ಅಂತ ಹಾಕ್ಲಿ?"

ಕೊನೆಗೆ ಅವರೇ "ಇತರೆ" ಎಂದು ಟಿಕ್ ಮಾಡಿದರು. ತಪ್ಪು ಅವರದಲ್ಲ ಬಿಡಿ, ಕಂಪ್ಯೂಟರಿನಲ್ಲಿ ಇರೋದೇ ಅಷ್ಟು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ, ಅಲ್ಲಿ ಹೊಳೆಯದೇ ಹೋದ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ. ಆ ಉತ್ತರದ ಹೆಸರು ಫಿಲಿಪ್ ಗ್ಲಾಸ್.

ಅಮೆರಿಕದ ಸಂಗೀತ ಸಂಯೋಜಕ. 1937ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದವರು. ಅಪ್ಪನದು ರೆಕಾರ್ಡ್ ಅಂಗಡಿ. ಯಾವ ರೆಕಾರ್ಡು ಮಾರಾಟವಾಗುವುದಿಲ್ಲವೋ ಅದನ್ನು ಅಪ್ಪ ಮನೆಗೆ ತಂದು ಹಾಕಿ ಕೇಳುತ್ತಿದ್ದರು, ಇದನ್ನು ಜನ ಯಾಕೆ ಕೊಳ್ಳುತ್ತಿಲ್ಲ ಎಂದು ತಿಳಿಯೋಕೆ. ಹೀಗಾಗಿ ಯಾರಿಗೂ ಬೇಡವಾದ ಹೊಸ ಸಂಗೀತ ಆ ಮನೆಯಲ್ಲಿ ದಿನಾ ಕೇಳುತ್ತಿತ್ತು. ಕೇಳಿ ಕೇಳಿ ಅಪ್ಪನಿಗೆ ಅದೇ ಇಷ್ಟವಾಗಿಬಿಟ್ಟಿತು, ಮಗನಿಗೂ ಅಂಟಿತು. ಸಂಗೀತ ಕಲಿಯೋಕೆ ನ್ಯೂಯಾರ್ಕಿಗೆ ಹೋಗುತ್ತೇನೆ ಅಂದಾಗ ತಾಯಿ ಎಚ್ಚರಿಸಿದರಂತೆ: ಊರೂರು ಸುತ್ತುತ್ತಾ ಹೋಟೆಲಿನಲ್ಲೇ ಬದುಕು ಕಳೆಯುತ್ತೀಯ ನೋಡು ಅಂತ. ಅಮ್ಮ ಹೇಳಿದ್ದೇ ನಿಜವಾಯಿತು ಎಂದು ಅವರೇ ಮುಂದೆ ನಗುತ್ತಾ ಬರೆದುಕೊಂಡಿದ್ದಾರೆ. ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯ ಫೀಸಿಗಾಗಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಪ್ಯಾರಿಸ್‌ನಲ್ಲಿ ಹೆಸರಾಂತ ಸಂಗೀತ ಶಿಕ್ಷಕಿ ನಾಡಿಯಾ ಬುಲಾಂಜೆ ಅವರ ಬಳಿ ಎರಡು ವರ್ಷ ಕಠಿಣ ಪಾಠ.

ಇಷ್ಟೆಲ್ಲ ಕಲಿತು ನ್ಯೂಯಾರ್ಕಿಗೆ ವಾಪಸಾದ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡಿದರು? ಮನೆ ಸಾಮಾನು ಸಾಗಿಸಿದರು. ನಲ್ಲಿ, ಪೈಪು ರಿಪೇರಿ ಮಾಡಿದರು. ಟ್ಯಾಕ್ಸಿ ಓಡಿಸಿದರು. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿಯಬಹುದಿತ್ತು, ಹಿಡಿಯಲಿಲ್ಲ. 1968ರಲ್ಲಿ ತಮ್ಮದೇ ತಂಡ ಕಟ್ಟಿದರು. ತಾವು ಬರೆದದ್ದನ್ನು ಬೇರೆಯವರಿಗೆ ನುಡಿಸೋಕೆ ಕೊಡುತ್ತಿರಲಿಲ್ಲ. ಆ ಸಂಗೀತ ಬೇಕು ಅಂದರೆ ಆ ತಂಡವನ್ನೇ ಕರೆಸಬೇಕು. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಇದು ಬುದ್ಧಿವಂತಿಕೆಯ ವ್ಯಾಪಾರ.

ಒಮ್ಮೆ ಒಂದು ಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರ ಜೋಡಿಸುತ್ತಿದ್ದರಂತೆ. ಸದ್ದು ಕೇಳಿ ತಲೆಯೆತ್ತಿದರೆ ಮನೆಯ ಯಜಮಾನ ಬೆರಗಾಗಿ ನಿಂತಿದ್ದಾರೆ. ಟೈಮ್ ಪತ್ರಿಕೆಯ ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್. ನೀವು ಫಿಲಿಪ್ ಗ್ಲಾಸ್ ಅಲ್ವಾ, ಇಲ್ಲೇನು ಮಾಡ್ತಿದ್ದೀರಿ, ನೀವು ಕಲಾವಿದರು ಅಂತ ಗಲಾಟೆ. ಹೌದು ಕಲಾವಿದನೇ, ಕೆಲವೊಮ್ಮೆ ಪ್ಲಂಬರ್ ಕೂಡ, ನೀವು ಆಚೆ ಹೋದರೆ ಕೆಲಸ ಮುಗಿಸುತ್ತೇನೆ ಎಂದು ಗ್ಲಾಸ್ ಅವರ ಉತ್ತರ.

ಈ ಕಥೆ ಹೇಳಿದರೆ ಎಲ್ಲರೂ "ಪಾಪ" ಅನ್ನುತ್ತಾರೆ. ಪಾಪ ಯಾಕೆ? ಯಂತ್ರ ಜೋಡಿಸಬೇಕಿತ್ತು, ಅವರು ಜೋಡಿಸಿದರು, ದುಡ್ಡು ತಗೊಂಡರು. ನನ್ನ ಲೆಕ್ಕದ ಕೆಲಸಕ್ಕೂ ಜನ ಹೀಗೇ ಮರುಗುತ್ತಾರೆ. ನನಗೆ ಲೆಕ್ಕ ಬರೆಯೋದು ಇಷ್ಟ ರೀ. ಸಂಜೆ ಹೊತ್ತಿಗೆ ಎರಡೂ ಕಡೆ ಮೊತ್ತ ತಾಳೆಯಾಗುತ್ತದೆ. ಸಂಗೀತದಲ್ಲಿ ಆ ಸುಖ ವರ್ಷಕ್ಕೊಮ್ಮೆ ಸಿಕ್ಕರೆ ಜಾಸ್ತಿ.

1976ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಭವನದಲ್ಲಿ ಅವರ "ಐನ್‌ಸ್ಟೈನ್ ಆನ್ ದ ಬೀಚ್" ನಡೆಯಿತು. ಹಾಡು, ಕುಣಿತ ಸೇರಿದ ರಂಗಪ್ರಯೋಗ, ಅಂದರೆ ಒಪೆರಾ; ರಂಗ ನಿರ್ದೇಶಕ ರಾಬರ್ಟ್ ವಿಲ್ಸನ್ ಜೊತೆ ಮಾಡಿದ್ದು. ಸುಮಾರು ಐದು ಗಂಟೆ, ವಿರಾಮವಿಲ್ಲ, ಬೇಕೆನಿಸಿದಾಗ ಎದ್ದು ಹೋಗಿ ಬರಬಹುದು. ಎರಡು ಭಾನುವಾರ ಪ್ರದರ್ಶನ, ಎರಡಕ್ಕೂ ಎಲ್ಲ ಟಿಕೆಟ್ ಖಾಲಿ. ಆದರೆ ಖರ್ಚು ಅದಕ್ಕೂ ಹೆಚ್ಚು, ಕೈಯಲ್ಲಿ ಉಳಿದದ್ದು ಸಾಲ. ಗ್ಲಾಸ್ ಮತ್ತೆ ಟ್ಯಾಕ್ಸಿ ಹತ್ತಿದರು. ಹಿಂದೆ ಕೂತ ಹೆಂಗಸೊಬ್ಬರು ಲೈಸೆನ್ಸಿನಲ್ಲಿದ್ದ ಹೆಸರು ಓದಿ, ನಿಮ್ಮ ಹೆಸರಿನ ದೊಡ್ಡ ಸಂಯೋಜಕರೊಬ್ಬರು ಇದ್ದಾರೆ ಗೊತ್ತಾ ಎಂದು ಕೇಳಿದರಂತೆ. ನೋಡಿ, ಆಕೆ ಕೂಡ "ಕೆಲಸ ಏನು?" ಎಂದು ಕೇಳಲಿಲ್ಲ. ಕೆಲಸ ಕಣ್ಣೆದುರಿಗೇ ಇತ್ತಲ್ಲ.

ಆ ಕೌಂಟರಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಪ್ರಿಂಟರ್ ಕೆಟ್ಟಿತ್ತು. ಕಾಯುತ್ತಾ ಆ ಮನುಷ್ಯ ಬೆರಳಿನಿಂದ ಮೇಜು ಬಡಿಯುತ್ತಿದ್ದರು. ತಕ, ತಕಿಟ. ತಕ, ತಕಿಟ. ಆಮೇಲೆ ತಕ ತಕ ತಕಿಟ. ತಮಗೇ ತಿಳಿಯದೆ ಐದನ್ನು ಏಳು ಮಾಡಿ, ಮತ್ತೆ ಐದಕ್ಕೆ ಇಳಿಯುತ್ತಿದ್ದರು. ನನ್ನ ಸಿಟ್ಟೆಲ್ಲ ಇಳಿದು ಕಿವಿ ಅಲ್ಲೇ ನೆಟ್ಟಿತು.

ಯಾಕೆಂದರೆ ಗ್ಲಾಸ್ ಅವರ ಹೊಸ ದಾರಿ ಶುರುವಾದದ್ದು ಇಂಥದ್ದೇ ಒಂದು ಎಣಿಕೆಯಿಂದ. ಪ್ಯಾರಿಸ್‌ನಲ್ಲಿದ್ದಾಗ ಒಂದು ಸಿನಿಮಾಕ್ಕಾಗಿ ರವಿಶಂಕರ್ ಅವರ ಸಂಗೀತವನ್ನು ಅಲ್ಲಿನ ವಾದಕರಿಗೆ ಓದೋಕೆ ಬರುವಂತೆ ಬರೆದುಕೊಡುವ ಕೆಲಸ ಸಿಕ್ಕಿತು. ರೂಢಿಯಂತೆ ಐದು ಗೆರೆಗಳನ್ನು ಅಲ್ಲಲ್ಲಿ ಕತ್ತರಿಸುವ ನಿಲುಗೆರೆ ಎಳೆದು ಸ್ವರಗಳನ್ನು ಒಂದೇ ಅಳತೆಯ ಮನೆಗಳಿಗೆ ತುಂಬಿದರು. ತಬಲಾದ ಅಲ್ಲಾರಖಾ ಕೇಳಿ, ಹೀಗಲ್ಲ, ಪೆಟ್ಟು ತಪ್ಪು ಜಾಗದಲ್ಲಿ ಬೀಳುತ್ತಿದೆ ಅಂದರು. ಗೆರೆಯನ್ನು ಅತ್ತ ಸರಿಸಿದರು, ಇತ್ತ ಸರಿಸಿದರು, ಪ್ರತಿಸಲವೂ ತಪ್ಪು. ಕೊನೆಗೆ ಬೇಸತ್ತು ಗೆರೆಗಳನ್ನೆಲ್ಲ ಅಳಿಸಿಹಾಕಿದರು. ಆಗ ಕಂಡಿತು: ಎರಡು ಮೂರರ ಸಣ್ಣ ಗುಂಪುಗಳು ಸೇರುತ್ತಾ ಸೇರುತ್ತಾ ಒಂದು ದೊಡ್ಡ ಆವರ್ತನವಾಗುತ್ತಿವೆ. ತಾಳ ಹಾಕಿಕೊಂಡು ಬೆಳೆದವರಿಗೆ ಇದೇನು ಮಹಾ ಅನ್ನಿಸಬಹುದು. ಮೊದಲೇ ಮನೆ ಕಟ್ಟಿ ಸ್ವರ ತುಂಬಿಸುವುದನ್ನು ಕಲಿತವರಿಗೆ ಅದು ಗೋಡೆಯೇ ಬಿದ್ದಂತೆ.

1968ರಲ್ಲಿ ಅವರು "1+1" ಎಂಬ ತುಣುಕು ಬರೆದರು. ವಾದ್ಯ ಯಾವುದು ಗೊತ್ತಾ? ಮೇಜು. ಮೇಜಿನ ಹಲಗೆಗೆ ಮೈಕ್ ಅಂಟಿಸಿ ಒಬ್ಬರು ಬೆರಳಿನಿಂದ ಬಡಿಯಬೇಕು. ಎರಡು ಪುಟ್ಟ ಲಯದ ತುಂಡುಗಳು, ಅವನ್ನು ಕೂಡಿಸುತ್ತಾ ಹೋಗುವುದು, ಅಷ್ಟೇ. ಆ ಕೌಂಟರಿನವರು ಸುಮ್ನೆ ಮಾಡುತ್ತಿದ್ದುದಕ್ಕೂ ಅದಕ್ಕೂ ನಡುವೆ ಇದ್ದದ್ದು ಒಂದು ಮೈಕು.

ಹಾಗಾಗಿ ನನ್ನನ್ನು ಕೇಳುವುದೇ ಆದರೆ ಇದನ್ನು ಕೇಳಿ: ತುಂಡು ಎಲ್ಲಿಗೆ ಮುಗಿಯುತ್ತದೆ, ಇನ್ನೊಂದನ್ನು ಯಾವಾಗ ಸೇರಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ಒಂದೇ ಮಾತನ್ನು ನಾಲ್ಕು ಸಲ ಹೇಳಿದರೆ ಬೇಜಾರು, ನಲವತ್ತು ಸಲ ಹೇಳಿದರೆ ಯಾಕೆ ಕಿವಿ ಅರಳುತ್ತದೆ? ರಾತ್ರಿಯಿಡೀ ಮಾತಾಡುತ್ತೇನೆ. ಇದುವರೆಗೆ ಕೇಳಿದ್ದು ಒಬ್ಬರೇ, ಪಕ್ಕದ ಮನೆಯ ಏಳು ವರ್ಷದ ಹುಡುಗಿ. ಉತ್ತರದ ಅರ್ಧಕ್ಕೇ ಎದ್ದು ಆಡೋಕೆ ಓಡಿದಳು. ಇರಲಿ.

ಗ್ಲಾಸ್ ಅವರ ಟ್ಯಾಕ್ಸಿ ನಿಂತದ್ದು 1978ರಲ್ಲಿ, 41ನೇ ವಯಸ್ಸಿಗೆ. ನೆದರ್‌ಲ್ಯಾಂಡ್ಸ್ ಒಪೆರಾದಿಂದ ಕೆಲಸ ಬಂತು. ಅದೇ "ಸತ್ಯಾಗ್ರಹ". 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ. ದಕ್ಷಿಣ ಆಫ್ರಿಕಾದಲ್ಲಿದ್ದಾಗಿನ ಗಾಂಧಿಯ ಕಥೆ, ಹಾಡುವ ಮಾತೆಲ್ಲ ಭಗವದ್ಗೀತೆಯದು, ಅದೂ ಸಂಸ್ಕೃತದಲ್ಲೇ. (ಮುಂದೆ ಸಿನಿಮಾಕ್ಕೂ ಬರೆದರು, ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯ "ಕುಂದುನ್" ಸೇರಿ. ಕೌಂಟರಿನವರಿಗೆ ಈಗ ಸಮಾಧಾನವಾಗಬಹುದು.)

ಇಲ್ಲಿಗೆ ಬಂದರೆ ಹೊಸ ಪ್ರಶ್ನೆ ಹುಟ್ಟುತ್ತದೆ, ಇದು ಹಳೆಯದಕ್ಕಿಂತ ಕೆಟ್ಟದು: "ಹಾಗಾದ್ರೆ ನೀವೂ ನಿಮ್ಮ 1978ಕ್ಕೆ ಕಾಯ್ತಿದ್ದೀರಾ?" ಇಲ್ಲ. ನನಗೆ ಆಗಲೇ 41 ದಾಟಿ ಆರು ವರ್ಷವಾಯಿತು. ಸದ್ಯಕ್ಕೆ ನಾಲ್ಕು ನಿಮಿಷದ ಒಂದು ತುಣುಕಿದೆ. ಚೆಲ್ಲೋ ಐದೈದಾಗಿ ಹೊರಟು ಏಳಕ್ಕೆ ಬಂದು ನಿಂತಿದೆ. ವಯೋಲಾ ಎಲ್ಲಿ ಒಳಗೆ ಬರಬೇಕು ಅಂತ ಮೂರು ವಾರದಿಂದ ಗೊತ್ತಾಗುತ್ತಿಲ್ಲ. ಕಾಯುತ್ತಿರುವುದು ಅದಕ್ಕೆ.