ಗಡ್ಜಿ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರು ತೀರಿಕೊಂಡರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಂತು. ಅದರ ಕೆಳಗೆ ಒಬ್ಬ ಬರೆದಿದ್ದ: "ಗಡ್ಜಿ ಬೇರಿ ಬಿಂಬಾ."

ಎರಡನೇ ಬಿ.ಎ.ಯ ಸಿಲಬಸ್ಸಿನಲ್ಲಿ ಏನಿತ್ತೋ, ಒಂದೂ ನೆನಪಿಲ್ಲ. ಒಂದು ಮಧ್ಯಾಹ್ನ ನೆನಪಿದೆ. ಮೇಷ್ಟ್ರು ಪುಸ್ತಕ ಮುಚ್ಚಿ, 1916ರಲ್ಲಿ ಜ್ಯೂರಿಕ್‌ನ ಕಲಾವಿದರ ಕ್ಲಬ್ಬು ಕ್ಯಾಬರೆ ವೋಲ್ಟೇರ್‌ನಲ್ಲಿ ಜರ್ಮನ್ ಕವಿ ಹ್ಯೂಗೋ ಬಾಲ್ ಓದಿದ, ಅರ್ಥವಿಲ್ಲದ ಬರೀ ಸದ್ದುಗಳ ಪದ್ಯ ಶುರು ಮಾಡಿದರು: "ಗಡ್ಜಿ ಬೇರಿ ಬಿಂಬಾ..." ಹೊರಗೆ ಮಹಾಯುದ್ಧ. ಪತ್ರಿಕೆಗಳು ಕೆಡಿಸಿಟ್ಟ ಮಾತೇ ಬೇಡ, ಬರೀ ದನಿ ಸಾಕು ಅಂತ ಬಾಲ್‌ನ ಹಟ.

ನಾನು ಎದ್ದೆ. "ಸಾರ್, ಭೇರಿ, ಬಿಂಬ ಗೊತ್ತು. ಗಡ್ಜಿ ಅಂದ್ರೇನು?"

"ಭೇರಿ ಅಲ್ಲಪ್ಪಾ, ಬೇರಿ. ಆ ಮಹಾಪ್ರಾಣ ಎಲ್ಲಿಂದ ತಂದೆ? ಬಾಯಿ ಮುಂದೆ ಅಂಗೈ ಹಿಡಿ. ಬ ಅನ್ನು. ಈಗ ಭ ಅನ್ನು."

ಇಡೀ ಕ್ಲಾಸು ಅಂಗೈ ಹಿಡಿದು ಬ, ಭ, ಪ, ಫ ಅಂದಿತು. ಫ ಅಂದಾಗ ಬೆಚ್ಚಗೆ ಉಸಿರು ತಾಗಿತು. ಒಂದನೇ ಕ್ಲಾಸಿನಿಂದ ತಿದ್ದಿದ ಅಕ್ಷರದೊಳಗೆ ಗಾಳಿಯಿದೆ ಅಂತ ಗೊತ್ತಾಗಿದ್ದು ಆವತ್ತೇ. ಫ್ರಾನ್ಸಿನ ಕವಿ ಆನ್ರಿ ಶೋಪ್ಯಾಂ ಬಾಯೊಳಗೇ ಮೈಕು ಇಟ್ಟುಕೊಂಡು ಗಂಟಲಿನ ಸದ್ದು ಟೇಪಿಗೆ ಹಿಡಿಯುತ್ತಿದ್ದ ಅಂತಲೂ ಹೇಳಿದರು. ಮರುದಿನದಿಂದ ಕಾಲೇಜಿನ ಮೈಕು ಮುಟ್ಟಲು ನಮಗೆಲ್ಲ ಒಂಥರಾ.

ಬಾಲ್ ಕಾಲಿಗೆ ನೀಲಿ ರಟ್ಟಿನ ಕೊಳವೆ ತೊಟ್ಟಿದ್ದನಂತೆ. ನಡೆಯಲಾಗದೆ, ಕತ್ತಲಲ್ಲಿ ಅವನನ್ನು ಎತ್ತಿಕೊಂಡು ವೇದಿಕೆಗೆ ತಂದರಂತೆ. ಇಷ್ಟು ಸಾಕಾಯಿತು ನಮಗೆ. ಕಾಲೇಜ್ ಡೇಗೆ ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ, ನೀಲಿ ಬಳಿದು ನನಗೆ ಸುತ್ತಿದರು. ಲೈಟು ಆರಿಸಬೇಕಿದ್ದವನು ಬೋಂಡಾ ತಿನ್ನಲು ಹೋಗಿದ್ದ. ನಾಲ್ವರು ನನ್ನನ್ನು ಹೆಣದ ಹಾಗೆ ಹೊತ್ತು ತಂದರು, ಝಗಮಗ ಬೆಳಕಿನಲ್ಲಿ. ಮೆಟ್ಟಿಲ ಹತ್ತಿರ ಬೀಳಿಸಿದರು. ನಾನು ಮಲಗಿದಲ್ಲೇ ಕಿರುಚಿದೆ. "ಲೌಲಾ ಲೋನ್ನಿ ಕಾದೋರಿ" ಹೊತ್ತಿಗೆ ಉಸಿರು ಕಟ್ಟಿತು. ಸಭೆಯೂ ಗಪ್‌ಚಿಪ್. ಆಮೇಲೆ ಶಿಳ್ಳೆಯೋ ಶಿಳ್ಳೆ.

ಬೈಸಿಕೊಳ್ಳಲು ಸಿದ್ಧನಾಗಿ ಹೋದರೆ ಮೇಷ್ಟ್ರು ಅಂದರು: "ನಡುವೆ ಉಸಿರು ಕಟ್ಟಿತಲ್ಲ, ಅದೊಂದು ಚೆನ್ನಾಗಿತ್ತು. ಉಳಿದದ್ದು ಸುಮ್ನೆ ಗಲಾಟೆ."

ಈಗ ನಾನು ಸಭೆ, ಸಮಾರಂಭಗಳಲ್ಲಿ ನಿರೂಪಣೆ ಮಾಡುತ್ತೇನೆ. ಎಲ್ಲಿ ನಿಲ್ಲಿಸಬೇಕು ಅಂತ ನಿಮಗೆ ಗೊತ್ತು ಸಾರ್, ಅನ್ನುತ್ತಾರೆ. ಹೇಳಿಕೊಳ್ಳಬಾರದು, ಆದರೂ ನಿಜ. ನನ್ನ ಮಗನ ಆನ್‌ಲೈನ್ ಕ್ಲಾಸಿನಲ್ಲಿ ಮಾತ್ರ ಎಲ್ಲರ ಮೈಕೂ ಮ್ಯೂಟು. ಪಿಡಿಎಫ್ ಬರುತ್ತದೆ, ಮಾರ್ಕ್ಸ್ ಬರುತ್ತದೆ. ಇವನಿಗೆ ಬಾಯಿ ಮುಂದೆ ಅಂಗೈ ಹಿಡಿ ಅಂದವರಿಲ್ಲ.

ಅಮೆರಿಕದ ಸಂಗೀತಕಾರ ಜಾನ್ ಕೇಜ್‌ನ ಏನೂ ನುಡಿಸದ ಸಂಗೀತ ಅಂತ ಮೇಷ್ಟ್ರು ಒಮ್ಮೆ ನಮ್ಮನ್ನು 4 ನಿಮಿಷ 33 ಸೆಕೆಂಡು ಸುಮ್ಮನೆ ಕೂರಿಸಿದ್ದರು, ಕೈಯಲ್ಲಿ ವಾಚು ಹಿಡಿದು. ಫ್ಯಾನಿನ ಕಿರಕಿರ, ಪಕ್ಕದವನ ಹೊಟ್ಟೆಯ ಗುರ್ರ್, ಎಲ್ಲವೂ ಕೇಳಿತ್ತು.

ಹೋದ ತಿಂಗಳ ಶ್ರದ್ಧಾಂಜಲಿ ಸಭೆಯಲ್ಲಿ 2 ನಿಮಿಷದ ಮೌನ 50 ಸೆಕೆಂಡಿಗೇ ಮುಗಿಯಿತು. ಕುರ್ಚಿಗಳು ಕರ್ರೆಂದವು. ನಾನು ಕೂರಲಿಲ್ಲ, ವಾಚು ನೋಡುತ್ತಾ ನಿಂತೆ. ತಿರುಗಿ ನೋಡಿದರೆ ನಮ್ಮ ಹಳೆ ಬೆಂಚಿನ ಮೂವರೂ ನಿಂತೇ ಇದ್ದರು.