ಕ್ಯಾಸ್ಟಿಯೆಲ್ ಬಂದ ಮೇಲೆ ‘ಸೂಪರ್‌ನ್ಯಾಚುರಲ್’

ದೆವ್ವಗಳನ್ನು ಬೇಟೆಯಾಡುವ ಅಣ್ಣತಮ್ಮಂದಿರಾದ ಡೀನ್ ಮತ್ತು ಸ್ಯಾಮ್ ಕಥೆಯ ಅಮೆರಿಕನ್ ಟಿವಿ ಸರಣಿ ‘ಸೂಪರ್‌ನ್ಯಾಚುರಲ್’. ಅದರ ಮೊದಲ ಮೂರು ಸೀಸನ್‌ಗಳ ಲೆಕ್ಕ ಬಹುಮಟ್ಟಿಗೆ ಸರಳ: ಊರಿಗೊಂದು ದೆವ್ವ, ಮೂಳೆಗೆ ಉಪ್ಪು ಸುರಿದು ಸುಟ್ಟರೆ ಕೆಲಸ ಮುಗಿಯಿತು. 2008ರ ಸೆಪ್ಟೆಂಬರಿನಲ್ಲಿ ನಾಲ್ಕನೇ ಸೀಸನ್ ಶುರುವಾದಾಗ, ಡೀನ್‌ನನ್ನು ನರಕದಿಂದ ಎತ್ತಿ ತಂದ ದೇವದೂತ ಕ್ಯಾಸ್ಟಿಯೆಲ್ ತನ್ನ ಎದೆಗೆ ನೆಟ್ಟ ಚಾಕುವನ್ನೇ ಕಿತ್ತು ಬಿಸಾಡಿದ. ಹಳೆಯ ಆಯುಧಗಳೆಲ್ಲ ಅಲ್ಲಿಗೆ ದಂಡ.

ಜೊತೆಗೆ ವಿಧಿಯೂ ಬಂತು. ಸೆರೆಯಲ್ಲಿರುವ ಪತಿತ ದೇವದೂತ, ಅಂದರೆ ಸೈತಾನ ಲೂಸಿಫರನ ಬಿಡುಗಡೆಗೆ ಬೀಗಗಳಂಥ 66 ಮುದ್ರೆಗಳು ಒಡೆಯಬೇಕು. ಮೊದಲನೆಯದು ಒಡೆದದ್ದು ನರಕದಲ್ಲಿ ಡೀನ್‌ನಿಂದ, ಕೊನೆಯದು ರಾಕ್ಷಸಿ ಲಿಲಿತ್‌ಳನ್ನು ಕೊಂದ ಸ್ಯಾಮ್‌ನಿಂದ. ಎಲ್ಲ ಮೊದಲೇ ಬರೆದಿಟ್ಟಿದ್ದರೆ ಕುತೂಹಲ ಸಾಯುತ್ತದೆ. ಅದನ್ನು ಉಳಿಸಿದ್ದು ಒಂದೇ ನಿಯಮ: ಒಪ್ಪಿಗೆಯಿಲ್ಲದೆ ದೇವದೂತ ಮನುಷ್ಯನ ದೇಹ ಹೊಗುವಂತಿಲ್ಲ. ಪ್ರಧಾನ ದೇವದೂತ ಮೈಕೆಲ್‌ಗೆ ಡೀನ್, ಲೂಸಿಫರ್‌ಗೆ ಸ್ಯಾಮ್ ‘ಹೂಂ’ ಅನ್ನಲೇಬೇಕು. ಹಾಗಾಗಿ ಐದನೇ ಸೀಸನ್‌ನ ಜಗಳವೆಲ್ಲ ಆ ಒಂದು ಪದದ ಸುತ್ತ.

ಸರ್ವಶಕ್ತ ಮಿತ್ರನಿದ್ದರೆ ಅಪಾಯಕ್ಕೆ ಬೆಲೆಯಿಲ್ಲ. ಅದಕ್ಕೇ ಬರಹಗಾರರು ಕ್ಯಾಸ್ಟಿಯೆಲ್‌ನನ್ನು ಸ್ವರ್ಗದಿಂದ ಕಡಿದರು, ಗಾಯ ವಾಸಿಮಾಡುವ ಶಕ್ತಿ ಕಿತ್ತರು. ದೇವದೂತರಿಗೆ ಕಾಣದಂತೆ ಅಣ್ಣತಮ್ಮಂದಿರ ಪಕ್ಕೆಲುಬುಗಳ ಮೇಲೆ ಅವನೇ ಕೆತ್ತಿದ ಗುರುತುಗಳಿಂದ ಅವನಿಗೂ ಅವರು ಸಿಗುವುದಿಲ್ಲ; ಪಾಪ, ಮೊಬೈಲ್ ಹಿಡಿಯಬೇಕಾಯಿತು! ಜಾಣ ಉಪಾಯ.

ಆದರೆ ಅಣ್ಣತಮ್ಮಂದಿರ ಅಪ್ಪ-ಅಮ್ಮನ ಪ್ರೀತಿಯನ್ನೂ ಪ್ರೇಮ ಹುಟ್ಟಿಸುವ ಕ್ಯೂಪಿಡ್ ಸ್ವರ್ಗದ ಆದೇಶದಂತೆ ಜೋಡಿಸಿದ ಅಂದದ್ದು ಅತಿಯಾಯಿತು. ಮೊದಲ ಸೀಸನ್‌ನಲ್ಲಿ ಅಮ್ಮನನ್ನು ಕಳೆದುಕೊಂಡ ದುಃಖಕ್ಕಿದ್ದ ತೂಕವೇ ಅದರಿಂದ ತಗ್ಗುತ್ತದೆ.